ಲಂಡನ್ ಸಿಸ್ಟಮ್ಮಾ, ಕೋಲೆ-ಜುಕರ್‌ಟಾರ್ಟಾ? ಎರಡನ್ನೂ ಆಡಿ ನೋಡಿದೆ

2023ರ ಜುಲೈ 22. ಚೀನಾದ ಚೊಂಗ್‌ಕಿಂಗ್‌ನಲ್ಲಿ ಮಹಿಳಾ ವಿಶ್ವ ಚೆಸ್ ಚಾಂಪಿಯನ್‌ಷಿಪ್‌ನ ಕೊನೆಯ, ಅಂದರೆ 12ನೇ ಆಟ. ಜು ವೆನ್‌ಜುನ್ ಮತ್ತು ಲೇ ಟಿಂಗ್‌ಜಿಯೆ ಇಬ್ಬರಿಗೂ ತಲಾ 5.5 ಅಂಕ. ಅಂಥಾ ಹೊತ್ತಲ್ಲಿ ಬಿಳಿ ಕಾಯಿ ಹಿಡಿದ ಜು ಆಡಿದ್ದು ಕೋಲೆ-ಜುಕರ್‌ಟಾರ್ಟ್! 'ಸಪ್ಪೆ' ಅಂತ ಎಷ್ಟೋ ಜನ ಮುಟ್ಟದ ಓಪನಿಂಗ್ (ಆಟ ಶುರು ಮಾಡುವ ಕ್ರಮ) ಅದು. ಗೆದ್ದು, 6.5-5.5ರಲ್ಲಿ ಪಟ್ಟ ಉಳಿಸಿಕೊಂಡರು. ಅಲ್ಲಿಯವರೆಗೆ ಮಹಿಳೆಯರ ಟೂರ್ನಿಗಳಲ್ಲಿ ಬಿಳಿ ಸಿಕ್ಕಾಗಲೆಲ್ಲ ನನ್ನದು ಲಂಡನ್ ಸಿಸ್ಟಮ್ ಅನ್ನೋ ಓಪನಿಂಗ್. ಆಮೇಲೆ ಕೋಲೆ-ಜುಕರ್‌ಟಾರ್ಟನ್ನೂ ಶುರು ಮಾಡಿದೆ.

ಲಂಡನ್ ಕಲಿಯೋದು ಸುಲಭ, ಅದರಲ್ಲಿ ಎರಡು ಮಾತಿಲ್ಲ. ಡಿ4, ಬಿಷಪ್ (ಒಂಟೆ) ಎಫ್4ಕ್ಕೆ, ಇ3, ಸಿ3 (ಅಕ್ಷರ-ಅಂಕಿ ಅಂದರೆ ಬೋರ್ಡಿನ ಮನೆ; ಕಾಯಿಯ ಹೆಸರಿಲ್ಲದಿದ್ದರೆ ಪಾನ್, ಅಂದರೆ ಕಾಲಾಳಿನ ನಡೆ). ಆದರೆ ಬಿಷಪ್ ಹೊರಗೆ ಹೋದ ಮೇಲೆ ಬಿ2 ಪಾನ್ ಕಾಯುವವರು ಯಾರು? ಕಪ್ಪು ಸಿ5 ಆಡಿ ರಾಣಿಯನ್ನು ಬಿ6ಕ್ಕೆ ತಂದರೆ ತಲೆನೋವು ಶುರು. ಒಮ್ಮೆ ನಾನು ರಾಣಿಯನ್ನು ಬಿ3ಕ್ಕೆ ಇಟ್ಟೆ, ಎದುರಿನ ಹುಡುಗಿ ಸಿ4 ತಳ್ಳಿದಳು, ರಾಣಿ ಸಿ2ಕ್ಕೆ ಹಿಂದೆ ಸರಿದ ತಕ್ಷಣ ಬಿಷಪ್‌ನ್ನು ಎಫ್5ರಲ್ಲಿ ತಂದು ಕೂರಿಸಿದಳು. ಅದನ್ನು ಹೊಡೆದರೆ ಅವಳ ರಾಣಿ ಬಿ2 ಹೊಡೆಯುತ್ತದೆ, ಮೂಲೆಯ ಆನೆ ಹೋಗುತ್ತದೆ. ರಾಣಿ ಸಿ1ಕ್ಕೆ ಓಡಬೇಕಾಯಿತು. ಏಳನೇ ನಡೆಗೇ ಇಷ್ಟು ಇಕ್ಕಟ್ಟು!

ಜುಕರ್‌ಟಾರ್ಟ್‌ನಲ್ಲಿ ಈ ಕಾಟ ಇಲ್ಲ. ಬಿ3 ಆಡಿ ಬಿಷಪ್‌ನ್ನು ಬಿ2ರಲ್ಲೇ ಇಡುತ್ತೇವೆ, ಇನ್ನೊಂದು ಡಿ3ರಲ್ಲಿ. ಎರಡೂ ಕಪ್ಪು ರಾಜನ ಕಡೆಗೇ ಗುರಿ. ಕುದುರೆ ಇ5ಕ್ಕೆ, ಬೆನ್ನಿಗೆ ಎಫ್4, ಆಮೇಲೆ ಆನೆ ಎಫ್3ರಿಂದ ಎಚ್3ಕ್ಕೆ. ನಾನು ಹೀಗೆ ಆನೆ ಸರಿಸಿದಾಗ ಎದುರಾಳಿ ಕೈ ಕಟ್ಟಿಕೊಂಡು ಹತ್ತು ನಿಮಿಷ ಬೋರ್ಡ್ ನೋಡುತ್ತಾ ಕೂತಿದ್ದರು. ಲಂಡನ್‌ನಲ್ಲಿ ಯಾರೂ ನನ್ನ ಮುಂದೆ ಅಷ್ಟು ಹೊತ್ತು ಯೋಚಿಸಿರಲಿಲ್ಲ. ಒಂದು ಎಚ್ಚರ ಬೇಕು: ಕಪ್ಪು ಕುದುರೆ ಬಿ4ಕ್ಕೆ ಹಾರಿ ಡಿ3 ಬಿಷಪ್ ಹೊಡೆಯಲು ಬರುತ್ತದೆ, ಸಮಯಕ್ಕೆ ಸರಿಯಾಗಿ ಎ3 ಆಡಬೇಕು. ನಾನು ಇದನ್ನು ಮರೆತು ಒಳ್ಳೆಯ ಆಟವೊಂದನ್ನು ಕಳೆದುಕೊಂಡಿದ್ದೇನೆ.

ಹಾಗಂತ ಎಲ್ಲರ ಎದುರೂ ಇದು ನಡೆಯೋದಿಲ್ಲ. ಕಪ್ಪು ಜಿ6 ಆಡಿ ಬಿಷಪ್‌ನ್ನು ಜಿ7ಕ್ಕೆ ತಂದರೆ ನಮ್ಮ ಬಿ2 ಬಿಷಪ್‌ನ ದಾರಿಗೇ ಕಾವಲು ಕೂತ ಹಾಗೆ. ಮೊದಲೇ ಎಫ್5ಕ್ಕೆ ಕಪ್ಪು ಬಿಷಪ್ ಬಂದರೆ ನಮ್ಮ ಡಿ3 ಬಿಷಪ್ ಅದಲು ಬದಲಾಗಿ ದಾಳಿಯ ಅರ್ಧ ಬಲ ಹೋಗುತ್ತದೆ. ಅದಕ್ಕೇ ಈಗ ಡಿ4 ಆದ ಮೇಲೆ ಸುಮ್ನೆ ಕುದುರೆಯನ್ನು ಎಫ್3ಕ್ಕೆ ಇಟ್ಟು ಕಾಯುತ್ತೇನೆ. ಕಪ್ಪು ಇ6 ಆಡಿ ತನ್ನ ಬಿಷಪ್‌ನ್ನು ತಾನೇ ಕೂಡಿಹಾಕಿಕೊಂಡರೆ ಜುಕರ್‌ಟಾರ್ಟ್, ಜಿ6 ಬಂದರೆ ಲಂಡನ್.