ಬಿತ್ತನೆಯ ಪದಗಳಲ್ಲಿ ವಂಶದ ಬೇರು: ಲೂಯಿಸ್ ಮತ್ತು ಶಾರ್ಟ್ ಲ್ಯಾಟಿನ್ ನಿಘಂಟು
1879ರಲ್ಲಿ ಪ್ರಕಟವಾದ ಲೂಯಿಸ್ ಮತ್ತು ಶಾರ್ಟ್ ನಿಘಂಟು ಈಗ ಪರ್ಸಿಯಸ್ ಡಿಜಿಟಲ್ ಗ್ರಂಥಾಲಯದಲ್ಲಿ ಉಚಿತವಾಗಿ ದೊರೆಯುತ್ತದೆ. ಬಿತ್ತನೆಯ ಪದಗಳು ವಂಶವಾಚಕಗಳಾದ ಬಗೆಯನ್ನು ಅರಿಯಲು ಇದಕ್ಕಿಂತ ಒಳ್ಳೆಯ ಸಂಗಾತಿ ನನಗೆ ಸಿಕ್ಕಿಲ್ಲ.

ಪದದ ಮೂಲಾರ್ಥವನ್ನು ಮೊದಲು ಕೊಟ್ಟು, ಅದರಿಂದ ಹೊರಟ ಅರ್ಥಗಳನ್ನು ಆಮೇಲೆ ಜೋಡಿಸುವುದು ಇದರ ಕ್ರಮ. 'ಸೆರೋ' ಎಂಬ ಒಂದೇ ರೂಪದಲ್ಲಿ ಎರಡು ಕ್ರಿಯಾಪದಗಳಿವೆ: ಒಂದು ಬಿತ್ತುವುದು, ಇನ್ನೊಂದು ಪೋಣಿಸುವುದು. ವಂಶವೆಂದರೆ ಸಾಲುಸಾಲಾಗಿ ಪೋಣಿಸಿದ ತಲೆಮಾರುಗಳೆಂದು ಭಾವಿಸುವ ಕಲಿಕೆಗಾರನು ಇಲ್ಲಿ ಸುಲಭವಾಗಿ ದಾರಿ ತಪ್ಪಬಹುದು. ನಿಘಂಟು ಇವೆರಡನ್ನೂ ಬೇರೆಬೇರೆ ನಮೂದುಗಳಲ್ಲಿ ಇಟ್ಟಿರುವುದರಿಂದ, 'ಹುಟ್ಟಿದವನು' ಎಂಬರ್ಥದ 'ಸತುಸ್' ಬಿತ್ತನೆಯ ಕಡೆಯದೆಂಬುದು ಸ್ಪಷ್ಟವಾಗುತ್ತದೆ. ರೋಮನ್ ಕವಿ ವರ್ಜಿಲ್ ತನ್ನ ಕಾವ್ಯದ ನಾಯಕ ಈನಿಯಸ್‌ನನ್ನು ಅವನ ತಂದೆಯ ಹೆಸರು ಹಿಡಿದು 'ಆಂಕೈಸೀಸ್‌ನಿಂದ ಬಿತ್ತಲ್ಪಟ್ಟವನು' ಎಂದೂ, ದೇವರಾಜ ಜುಪಿಟರ್‌ನನ್ನು ದೇವ ಮಾನವರ 'ಸತೊರ್', ಅಂದರೆ ಬಿತ್ತುವವನು ಎಂದೂ ಕರೆಯುವುದು ಈ ಬೆಳಕಿನಲ್ಲಿ ಸಹಜವಾಗಿ ಕಾಣುತ್ತದೆ. 'ಪ್ರೊಪಾಗೋ' ನನಗೆ ಇನ್ನೂ ಪ್ರಿಯವಾದ ನಮೂದು: ಬಗ್ಗಿಸಿ ಮಣ್ಣಿನಲ್ಲಿ ಹೂತು ಬೇರು ಬರಿಸುವ ದ್ರಾಕ್ಷಿ ಬಳ್ಳಿಯ ಕುಡಿಯೇ ಅಲ್ಲಿ ಸಂತಾನವೂ ಆಗುತ್ತದೆ. ವಂಶದ ಕುಡಿ ಎನ್ನುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಯೇ ಇಲ್ಲ.

ಕೊರತೆಗಳೂ ಇವೆ. ವ್ಯುತ್ಪತ್ತಿಯ ವಿವರಗಳು ಹಳೆಯವು, ಸಂಕ್ಷೇಪಗಳು ಹೊಸಬರನ್ನು ದಣಿಸುತ್ತವೆ. ಇದಕ್ಕಿಂತ ಗಂಭೀರವಾದದ್ದು, ಮೂಲಾರ್ಥ ಮತ್ತು ಲಾಕ್ಷಣಿಕಾರ್ಥಗಳ ಆ ಕಟ್ಟುನಿಟ್ಟಾದ ವಿಂಗಡಣೆ. ಅದು ವಂಶದ ಅರ್ಥವನ್ನು ಕೇವಲ ಅಲಂಕಾರವೆಂಬಂತೆ ತೋರಿಸುತ್ತದೆ. ಆದ್ದರಿಂದ 1968ರಿಂದ 1982ರವರೆಗೆ ಭಾಗಭಾಗವಾಗಿ ಬಂದ ಆಕ್ಸ್‌ಫರ್ಡ್ ಲ್ಯಾಟಿನ್ ನಿಘಂಟನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಕೊಳ್ಳುವ ಅಥವಾ ಬಳಸುವ ಮೊದಲು ಪರೀಕ್ಷಿಸಬಯಸುವವರು ರೋಮನ್ ಇತಿಹಾಸಕಾರ ಟ್ಯಾಸಿಟಸ್‌ನ ಒಂದು ವಾಕ್ಯವನ್ನು ಕೈಗೆತ್ತಿಕೊಳ್ಳಲಿ. ಚಕ್ರವರ್ತಿ ಕ್ಲಾಡಿಯಸ್‌ನ ಪತ್ನಿಯಾಗಿದ್ದ ಅಗ್ರಿಪ್ಪಿನಾ ಅಲ್ಲಿ ಅವನ ಸ್ವಂತ ಮಗ ಬ್ರಿಟಾನಿಕಸ್‌ನನ್ನು ನಿಜವಾದ 'ಸ್ತಿರ್ಪ್ಸ್' ಎಂದೂ, ತನ್ನ ಮಗನೇ ಆದರೂ ಕ್ಲಾಡಿಯಸ್‌ಗೆ ದತ್ತುಪುತ್ರನಾದ ನೀರೋನನ್ನು 'ಇನ್ಸಿತುಸ್' ಎಂದೂ ಕರೆಯುತ್ತಾಳೆ. ಈ ಎರಡು ನಮೂದುಗಳನ್ನು ತೆರೆದರೆ ಮೊದಲನೆಯದರಲ್ಲಿ ಗಿಡದ ಬುಡ, ಎರಡನೆಯದರಲ್ಲಿ ಕಸಿಯ ಕೊಂಬೆ ಸಿಗುತ್ತದೆ. ದತ್ತುಪುತ್ರನ ಸಿಂಹಾಸನವನ್ನು ಪ್ರಶ್ನಿಸಲು ಅವಳು ತೋಟಗಾರನ ಮಾತನ್ನೇ ಆರಿಸಿಕೊಂಡದ್ದು ಅಲ್ಲಿ ಕಾಣುತ್ತದೆ.