ಅಗ್ಗದ ಗ್ಲಾಸ್ ರಾಡ್, ಅಗ್ಗದ ಗ್ರಾಫೈಟ್ ರಾಡ್: ಯಾವುದಕ್ಕೆ ದುಡ್ಡು ಹಾಕೋದು?

ಫ್ಲೈ ಫಿಶಿಂಗ್‌ಗೆ, ಅಂದರೆ ಹುಳದ ಹಾಗೆ ಕಾಣೋ ಹಗುರ ಗಾಳ (ಫ್ಲೈ) ಎಸೆದು ಮೀನು ಹಿಡಿಯೋದಕ್ಕೆ, ಕಡಿಮೆ ಬೆಲೆಯ ರಾಡ್ ಹುಡುಕಿದರೆ ಮೊದಲು ಕಣ್ಣಿಗೆ ಬೀಳೋದು 9 ಅಡಿಯ, 5-ವೇಟ್ (ಅದಕ್ಕೆ ಹೊಂದುವ ಲೈನಿನ ತೂಕದ ಅಂಕಿ) ಗ್ರಾಫೈಟ್ ರಾಡ್, ಅಂದರೆ ಕಾರ್ಬನ್ ನಾರಿನದು. ತೆಳ್ಳಗೆ, ಹಗುರವಾಗಿ, ಮಿಂಚುತ್ತಾ ಇರುತ್ತದೆ. ಅದೇ ಬೆಲೆಗೆ ಫೈಬರ್‌ಗ್ಲಾಸ್ (ಗಾಜಿನ ನಾರಿನ) ರಾಡ್ ಕೂಡ ಸಿಗುತ್ತದೆ. ಅದು ಗಿಡ್ಡ, ಕೊಂಚ ದಪ್ಪ. ಹಿಡಿ ಹಿಡಿದು ಅಲುಗಿಸಿದರೆ ಬುಡದವರೆಗೂ ಬಳುಕಾಡುತ್ತದೆ. ‘ಇದೇನು ಮಕ್ಕಳ ಆಟದ ಸಾಮಾನಾ’ ಅಂತ ಅನ್ನಿಸಿ ಹೆಚ್ಚಿನವರು ಗ್ರಾಫೈಟ್ ಕಡೆಗೇ ಹೋಗುತ್ತಾರೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕಡಿಮೆ, ಮೀನು ಹಿಡಿಯೋದು ಸಣ್ಣ ತೊರೆಯಲ್ಲೋ ಕೊಳದ ಅಂಚಿನಲ್ಲೋ ಅಂದರೆ ಗ್ಲಾಸ್ ಕೊಳ್ಳಿ. ಗ್ರಾಫೈಟ್ ಕೆಟ್ಟದ್ದು ಅಂತಲ್ಲ. ಒಳ್ಳೆಯ ಗ್ರಾಫೈಟ್ ರಾಡ್ ನಿಜಕ್ಕೂ ಒಳ್ಳೆಯದು. ಆದರೆ ಬೆಲೆ ಇಳಿದಾಗ ಗ್ರಾಫೈಟ್ ಮೊದಲು ಕಳೆದುಕೊಳ್ಳೋದು ತನ್ನ ಅಸಲಿ ಗುಣವನ್ನೇ. ಗ್ಲಾಸ್ ಕಳೆದುಕೊಳ್ಳೋದು ಬರೀ ಒಪ್ಪ ಓರಣ.

ಹೋಲಿಸಿ ನೋಡಿದ ರಾಡ್‌ಗಳು ನಾಲ್ಕು. ಒಂದು, ಆರೂವರೆ ಅಡಿಯ ಹೊಸ ಗ್ಲಾಸ್ ರಾಡ್, ಎರಡು ತುಂಡಿನದು, 5 ಅಥವಾ 6-ವೇಟ್ ಲೈನಿಗೆ ಅಂತ ಬರೆದದ್ದು. ಎರಡು, 8 ಅಡಿಯ ಹಳೇ ಗ್ಲಾಸ್ ರಾಡ್, ಸೆಕೆಂಡ್ ಹ್ಯಾಂಡ್. ಮೂರು, ಇವೆರಡಕ್ಕಿಂತ ಬೆಲೆ ಜಾಸ್ತಿಯ ಎಸ್-ಗ್ಲಾಸ್ (ಇನ್ನೂ ಬಿಗಿಯಾದ ಗಾಜಿನ ನಾರು) ರಾಡ್, ಏಳೂವರೆ ಅಡಿ, 4-ವೇಟ್. ನಾಲ್ಕನೆಯದು ಎದುರಾಳಿ: ಆಗಲೇ ಹೇಳಿದ 9 ಅಡಿಯ ಅಗ್ಗದ ಗ್ರಾಫೈಟ್. ಕಂಪನಿ ಹೆಸರು ಬೇಡ. ಇಲ್ಲಿ ಹೋಲಿಸುತ್ತಿರೋದು ಜಾತಿಗಳನ್ನು.

ಮೊದಲು ಹುಲ್ಲಿನ ಮೇಲೆ ಎಸೆದು ನೋಡಿದೆ. ಫ್ಲೈ ಬದಲು ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ) ತುದಿಗೆ ಕೆಂಪು ಉಣ್ಣೆ ದಾರದ ಚೂರು ಕಟ್ಟಿಕೊಂಡೆ. ಎಸ್-ಗ್ಲಾಸ್ ಬಿಟ್ಟು ಉಳಿದ ಮೂರಕ್ಕೂ ಒಂದೇ 5-ವೇಟ್ ಲೈನ್. ಹದಿನೈದು ಅಡಿ ಲೈನ್ ಮಾತ್ರ ಹೊರಗೆ ಬಿಟ್ಟು ಎಸೆದಾಗ ವ್ಯತ್ಯಾಸ ಕೂಡಲೇ ಗೊತ್ತಾಯಿತು. ಗಿಡ್ಡ ಗ್ಲಾಸ್ ರಾಡ್ ಹಿಂದಕ್ಕೆ ಬಾಗಿದ್ದು ಅಂಗೈಗೇ ತಿಳಿಯಿತು. ಲೈನ್ ಹಿಂದೆ ಬಿಚ್ಚಿಕೊಂಡು ಎಳೆಯುವವರೆಗೆ ಕಾಯ್ದು ಮುಂದೆ ತಂದರೆ ಸಾಕು, ದಾರದ ಚೂರು ಮೆತ್ತಗೆ ಹೋಗಿ ಕೂತಿತು. ಗ್ರಾಫೈಟ್ ರಾಡ್ ಅಷ್ಟು ದೂರಕ್ಕೆ ಬಾಗಲೇ ಇಲ್ಲ. ಬರೀ ಕೋಲು ಬೀಸಿದ ಹಾಗೆ. ಜೋರು ಮಾಡಿದರೆ ಲೈನ್ ಹೋಗಿ ಬಡಿಯಿತು, ಮೆತ್ತಗೆ ಮಾಡಿದರೆ ಗುಡ್ಡೆಯಾಗಿ ಬಿತ್ತು.

ಇದಕ್ಕೆ ಕಾರಣ ಲೈನಿನ ತೂಕದಲ್ಲಿದೆ. ಫ್ಲೈಗೆ ತೂಕವೇ ಇರಲ್ಲ, ಅದನ್ನು ಹೊತ್ತುಕೊಂಡು ಹೋಗೋದು ಲೈನ್. 5-ವೇಟ್ ಅಂದರೆ ಲೈನಿನ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗಬೇಕು ಅಂತ ಲೆಕ್ಕ. 4-ವೇಟ್ ಆದರೆ 8 ಗ್ರಾಂ ಹತ್ತಿರ, 6-ವೇಟ್ ಆದರೆ ಹತ್ತೂ ಚಿಲ್ಲರೆ. ಹದಿನೈದು ಅಡಿ ಹೊರಗಿದ್ದಾಗ ರಾಡಿನ ಮೇಲೆ ಬೀಳುವ ತೂಕ ಅದರ ಅರ್ಧಕ್ಕಿಂತಲೂ ಕಡಿಮೆ. ಯಾಕೆಂದರೆ ಲೈನಿನ ತುದಿ ಸಣ್ಣಗಾಗುತ್ತಾ ಹೋಗುತ್ತದೆ. ಅಷ್ಟು ಸಣ್ಣ ತೂಕಕ್ಕೆ ಬಾಗುವ ರಾಡ್ ಬೇಕು. ಗ್ಲಾಸ್ ಬಾಗುತ್ತದೆ. ಬಿಗಿ ಗ್ರಾಫೈಟ್ ಬಾಗಲ್ಲ.

ಮಾಮೂಲಿ ಕಾರ್ಬನ್ ನಾರು ಗಾಜಿನ ನಾರಿಗಿಂತ ಸುಮಾರು ಮೂರು ಪಟ್ಟು ಬಿಗಿ. ಮೇಲಿಂದ ತೂಕವೂ ಕಡಿಮೆ. ಒಂದೇ ಅಳತೆಯ ತುಂಡು ತಗೊಂಡರೆ ಗಾಜಿನ ನಾರು ಸುಮಾರು 40% ಭಾರ. ಹಾಗಾಗಿ ಉದ್ದನೆಯ, ಹಗುರ, ಚುರುಕಾದ ರಾಡ್ ಮಾಡೋದಕ್ಕೆ ಗ್ರಾಫೈಟೇ ಸರಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಗುಣ ಪೂರ್ತಿ ಸಿಗಬೇಕಾದರೆ ಒಳ್ಳೆಯ ನಾರು ಬೇಕು, ಅಂಟು ಹಿತಮಿತವಾಗಿರಬೇಕು, ಬುಡದಿಂದ ತುದಿಗೆ ರಾಡ್ ಸಣ್ಣಗಾಗುವ ರೀತಿಯನ್ನು ಯಾರೋ ಕೂತು ತಲೆ ಓಡಿಸಿ ಮಾಡಿರಬೇಕು. ಇದಕ್ಕೆಲ್ಲ ಖರ್ಚಾಗುತ್ತದೆ. ನಾನು ಹಿಡಿದ ಅಗ್ಗದ ಗ್ರಾಫೈಟಿನಲ್ಲಿ ಬಿಗಿ ಮಾತ್ರ ಉಳಿದಿತ್ತು, ಚುರುಕು ಇರಲಿಲ್ಲ. ತುದಿಯೂ ಭಾರ. ‘ಫಾಸ್ಟ್ ಆ್ಯಕ್ಷನ್’ ಅಂತ ಮೇಲೆ ಬರೆದದ್ದು ಮಾತ್ರ ದೊಡ್ಡ ಅಕ್ಷರದಲ್ಲಿತ್ತು.

ಗ್ಲಾಸಿನ ಲಯ ಬೇರೆ. ಉಯ್ಯಾಲೆಯನ್ನು ನೂಕಿದ ಹಾಗೆ, ಅದು ಆ ಕಡೆ ತಲುಪುವ ತನಕ ಕಾಯಲೇಬೇಕು. ಗ್ರಾಫೈಟಿನ ವೇಗದಲ್ಲಿ ಕೈ ಬೀಸಿದರೆ ಲೂಪ್ (ಹಾರುವಾಗ ಲೈನ್ ಮಡಚಿಕೊಳ್ಳುವ ಬಾಗು) ಕುಸಿದು ಲೈನ್ ತಲೆ ಮೇಲೇ ಬೀಳುತ್ತದೆ. ಕಲಿಯುವವರಿಗೆ ಗ್ಲಾಸ್ ಸುಲಭ ಅಂತ ತುಂಬಾ ಜನ ಹೇಳುತ್ತಾರೆ. ನಾನು ಅರ್ಧ ಒಪ್ಪುತ್ತೇನೆ. ರಾಡ್ ಯಾವಾಗ ಬಾಗಿತು ಅನ್ನೋದು ಕೈಗೆ ಗೊತ್ತಾಗುತ್ತದೆ, ಅದು ದೊಡ್ಡ ಲಾಭ. ಆದರೆ ಅವಸರದವರಿಗೆ ಗ್ಲಾಸ್ ಮಾಫಿ ಕೊಡಲ್ಲ.

ಅಗ್ಗದ ಗ್ಲಾಸಿನ ಒಂದು ಕೊರತೆಯೂ ಹುಲ್ಲಿನ ಮೇಲೇ ಗೊತ್ತಾಯಿತು. ಕೈ ನಿಲ್ಲಿಸಿದ ಮೇಲೂ ತುದಿ ಮೇಲೆ ಕೆಳಗೆ ಕುಣಿಯುತ್ತಿತ್ತು. ಆ ಕುಣಿತ ಲೈನಿಗೆ ಇಳಿದು, ಹಾರುವ ಲೈನಿನಲ್ಲಿ ಸಣ್ಣ ಸಣ್ಣ ಅಲೆ ಏಳುತ್ತಿತ್ತು. ಹತ್ತಿರಕ್ಕೆ ಎಸೆದಾಗ ಇದರಿಂದ ತೊಂದರೆ ಇಲ್ಲ. ನಲವತ್ತು ಅಡಿ ದಾಟಿದಾಗ ಆ ಅಲೆಗಳು ದೂರವನ್ನೇ ತಿಂದುಹಾಕುತ್ತಿದ್ದವು. ಎಸ್-ಗ್ಲಾಸ್ ರಾಡಿನಲ್ಲಿ ಕುಣಿತ ಬೇಗ ನಿಲ್ಲುತ್ತಿತ್ತು.

ನೀರಿಗೆ ಇಳಿದ ಮೇಲೆ ನನ್ನ ಲೆಕ್ಕ ಇನ್ನೂ ಗ್ಲಾಸಿನ ಕಡೆಗೇ ವಾಲಿತು. ಸಣ್ಣ ತೊರೆ ಅಂದರೆ ಹೇಗಿರುತ್ತದೆ ಅಂತ ಗೊತ್ತಲ್ವಾ? ಎರಡೂ ದಡದಲ್ಲಿ ಪೊದೆ, ತಲೆ ಮೇಲೆ ಕೊಂಬೆ. ಟ್ರೌಟ್ ಇರೋದು ಹನ್ನೆರಡು, ಹದಿನೈದು ಅಡಿ ಆಚೆ, ಒಂದು ಬಂಡೆಯ ನೆರಳಲ್ಲಿ. ಲೀಡರೇ ಏಳೆಂಟು ಅಡಿ ಇರುತ್ತದೆ. ಅಂದರೆ ರಾಡಿನ ತುದಿಯಿಂದ ಹೊರಗಿರೋ ಲೈನ್ ಸುಮಾರು ಒಂದು ಮಾರು ಅಷ್ಟೇ. ಇಲ್ಲಿ 9 ಅಡಿ ರಾಡ್ ಎತ್ತಿದ ಕೂಡಲೇ ತುದಿ ಎಲೆಗೆ ಸಿಕ್ಕುತ್ತದೆ. ಆರೂವರೆ ಅಡಿಯದನ್ನು ಅಡ್ಡಡ್ಡ ಹಿಡಿದು, ಕೊಂಬೆಯ ಕೆಳಗಿನಿಂದ, ಮಣಿಕಟ್ಟು ಮಾತ್ರ ಆಡಿಸಿ ಎಸೆಯಬಹುದು. ಹಿಂದೆ ಜಾಗವೇ ಇಲ್ಲದಿದ್ದರೆ ರೋಲ್ ಕಾಸ್ಟ್. ಲೈನನ್ನು ನೀರಿನ ಮೇಲೆ ನಿಧಾನ ಎಳೆದು, ರಾಡ್ ಹಿಂದಕ್ಕೆ ವಾಲಿಸಿ, ಒಂದು ಸಲ ಮುಂದಕ್ಕೆ ಒತ್ತಿದರೆ ಲೈನ್ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಬಳುಕುವ ರಾಡಿಗೆ ಈ ಕೆಲಸ ನೀರು ಕುಡಿದಷ್ಟು ಸಲೀಸು.

ಇನ್ನು ಮೀನು ಕಚ್ಚಿದ ಮೇಲೆ. ತಿಳಿನೀರಿನಲ್ಲಿ 6ಎಕ್ಸ್ ಟಿಪೆಟ್ (ಲೀಡರಿನ ತುದಿಯ ಅತಿ ತೆಳು ದಾರ) ಕಟ್ಟಬೇಕಾಗುತ್ತದೆ. ಅದರ ದಪ್ಪ 0.13 ಮಿಲಿಮೀಟರ್ ಆಸುಪಾಸು, ಹೆಚ್ಚುಕಡಿಮೆ ದಪ್ಪನೆಯ ತಲೆಗೂದಲಿನಷ್ಟು. ಮೀನು ದಿಢೀರನೆ ತಿರುಗಿ ಓಡಿದಾಗ ಬಿಗಿ ರಾಡ್ ಆ ಎಳೆತವನ್ನೆಲ್ಲ ನೇರ ಗಂಟಿಗೆ ದಾಟಿಸುತ್ತದೆ, ಟಪ್ ಅಂತ ಹರಿಯುತ್ತದೆ. ಗ್ಲಾಸ್ ಬುಡದವರೆಗೂ ಬಾಗಿ ಎಳೆತ ತಡೆದುಕೊಳ್ಳುತ್ತದೆ. ಅಂಗೈ ಉದ್ದದ ಮೀನೂ ಗ್ಲಾಸ್ ರಾಡನ್ನು ಚೆನ್ನಾಗಿ ಬಾಗಿಸುತ್ತದೆ. ನಿಜ ಹೇಳಬೇಕೆಂದರೆ ನಾನು ಗ್ಲಾಸ್ ಹಿಡಿಯೋದಕ್ಕೆ ಅರ್ಧ ಕಾರಣ ಇದೇ. ಸಣ್ಣ ಮೀನು ಹಿಡಿದರೂ ಮಜಾ ಬರುತ್ತದೆ.

ಆದರೆ ದೊಡ್ಡ ಮೀನಿಗೆ ಇದೇ ಗುಣ ತೊಡಕು. ಬೇರಿನ ಕಡೆ ನುಗ್ಗುವ ಮೀನನ್ನು ತಡೆದು ತಿರುಗಿಸಬೇಕಾದಾಗ ಬುಡದಲ್ಲಿ ಬಿಗಿ ಬೇಕು. ಮೆತ್ತನೆ ಗ್ಲಾಸ್ ಬಾಗುತ್ತಾ ಹೋಗುತ್ತದೆ, ಮೀನು ಹೋಗೋ ಕಡೆ ಹೋಗುತ್ತದೆ. ಸುಸ್ತಾಗಿಸಿ ಸುಸ್ತಾಗಿಸಿ ತರೋದು ಮೀನಿಗೂ ಒಳ್ಳೆಯದಲ್ಲ, ವಾಪಸ್ ಬಿಡೋ ಉದ್ದೇಶ ಇದ್ದರಂತೂ ಇಲ್ಲವೇ ಇಲ್ಲ.

ಪೆಟ್ಟು ತಡೆಯುವ ವಿಷಯದಲ್ಲಿ ಗ್ಲಾಸ್ ಗೆಲ್ಲುತ್ತದೆ. ಗಾಜಿನ ನಾರು ತುಂಡಾಗುವ ಮುಂಚೆ ಕಾರ್ಬನ್ನಿಗಿಂತ ಎರಡು ಪಟ್ಟಿಗೂ ಜಾಸ್ತಿ ಹಿಗ್ಗುತ್ತದೆ. ಗ್ಲಾಸ್ ರಾಡಿನ ಗೋಡೆಯೂ ದಪ್ಪ. ಲೋಹದ ಮಣಿ ಹಾಕಿದ ಫ್ಲೈ ಎಸೆಯುವಾಗ ಅದು ರಾಡಿಗೆ ಬಡಿಯೋದು ಮಾಮೂಲಿ. ತೆಳು ಗ್ರಾಫೈಟಿನಲ್ಲಿ ಅಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಗಾಯವಾಗುತ್ತದೆ. ಅದು ಆಗಲೇ ಮುರಿಯಲ್ಲ. ಯಾವತ್ತೋ ಒಂದು ದಿನ, ದೊಡ್ಡ ಮೀನಿಲ್ಲ ಏನಿಲ್ಲ, ಸುಮ್ನೆ ಎಸೆಯುವಾಗ ಅಲ್ಲೇ ಲಟಕ್ ಅನ್ನುತ್ತದೆ. ಬಂಡೆ ಹತ್ತಿ ಇಳಿಯುವವರು, ಮಕ್ಕಳ ಕೈಗೆ ರಾಡ್ ಕೊಡುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಿ. ಹಾಗಂತ ಗ್ಲಾಸ್ ಮುರಿಯೋದೇ ಇಲ್ಲ ಅಂತಲ್ಲ. ಕಾರಿನ ಬಾಗಿಲಿಗೆ ಸಿಕ್ಕರೆ ಎರಡರ ಗತಿಯೂ ಒಂದೇ. ಇನ್ನೊಂದು ಮಾತು: ಕಾರ್ಬನ್ನಿನಲ್ಲಿ ವಿದ್ಯುತ್ ಹರಿಯುತ್ತದೆ, ಗಾಜಿನ ನಾರಿನಲ್ಲಿ ಹರಿಯಲ್ಲ. ಆದರೆ ಒದ್ದೆ ರಾಡ್, ಒದ್ದೆ ಲೈನ್ ನಂಬಬೇಡಿ. ಗುಡುಗು ಕೇಳಿದರೆ ಯಾವ ರಾಡ್ ಆದರೂ ಕೆಳಗಿಟ್ಟು ನೀರಿನಿಂದ ಆಚೆ ಬನ್ನಿ. ಕರೆಂಟ್ ತಂತಿ ಇರುವ ಕಡೆಯೂ ಅಷ್ಟೇ, ದೂರ ಇರಿ.

ಗ್ಲಾಸ್ ಸೋಲೋದು ಗಾಳಿಗೆ ಮತ್ತು ಉದ್ದಕ್ಕೆ. ಎದುರುಗಾಳಿಯಲ್ಲಿ ಬಿಗಿಯಾದ, ಕಿರಿದಾದ ಲೂಪ್ ಬೇಕು. ಗ್ಲಾಸಿನ ಲೂಪ್ ಅಗಲ, ಗಾಳಿ ಅದನ್ನು ಎತ್ತಿ ವಾಪಸ್ ಮುಖಕ್ಕೇ ತರುತ್ತದೆ. ಬಯಲು ಕೆರೆಯ ದಡದಲ್ಲಿ ಗಾಳಿ ಎದ್ದ ದಿನ ಅದೇ ಅಗ್ಗದ ಗ್ರಾಫೈಟ್ ನನಗೆ ಹೆಚ್ಚು ಉಪಯೋಗಕ್ಕೆ ಬಂತು. ಐವತ್ತು ಅಡಿ ಲೈನ್ ಹೊರಗೆ ಹೋದ ಮೇಲೆ ಅದಕ್ಕೂ ಜೀವ ಬರುತ್ತಿತ್ತು. ಅಗಲವಾದ ಹೊಳೆಯಲ್ಲಿ ಸೆಳವಿನ ಮೇಲೆ ಬಿದ್ದ ಲೈನನ್ನು ಎತ್ತಿ ಆಚೆ ಹಾಕೋದಕ್ಕೆ, ತಳಕ್ಕೆ ನಿಂಫ್ (ನೀರಿನೊಳಗಿನ ಹುಳದ ಮರಿಯಂಥ ಫ್ಲೈ) ಬಿಟ್ಟು ಲೈನ್ ಮೇಲೆತ್ತಿ ಹಿಡಿಯೋದಕ್ಕೆ 9 ಅಡಿಯೇ ಬೇಕು. ಹಾಗಾದರೆ ಗ್ಲಾಸನ್ನೇ 9 ಅಡಿ ಮಾಡಬಹುದಲ್ಲ ಅಂದರೆ, ಮಾಡಬಹುದು, ಆದರೆ ತುದಿಯ ಭಾರ ಮಣಿಕಟ್ಟನ್ನು ಮುರಿದುಹಾಕುತ್ತದೆ. ನನ್ನ ಹಳೇ 8 ಅಡಿ ರಾಡಿನಲ್ಲೇ ಅರ್ಧ ದಿನಕ್ಕೆ ಕೈ ನೋಯುತ್ತಿತ್ತು.

ಆ ಹಳೇ ರಾಡಿನ ಬಗ್ಗೆ ಸ್ವಲ್ಪ ಹೇಳಬೇಕು. ಎರಡನೇ ಮಹಾಯುದ್ಧ ಮುಗಿದ ಹೊಸದರಲ್ಲಿ ಅಮೆರಿಕದ ಶೇಕ್ಸ್‌ಪಿಯರ್ ಕಂಪನಿ ‘ವಂಡರ್‌ರಾಡ್’ ಅಂತ ಗ್ಲಾಸ್ ರಾಡ್ ತಂದಿತು. ಅದಕ್ಕೂ ಮುಂಚೆ ಒಳ್ಳೆಯ ಫ್ಲೈ ರಾಡ್ ಅಂದರೆ ಸೀಳಿದ ಬಿದಿರನ್ನು ಅಂಟಿಸಿ ಮಾಡಿದ್ದು. ಬೆಲೆ ಜಾಸ್ತಿ, ಆರೈಕೆಯೂ ಜಾಸ್ತಿ. ಗ್ಲಾಸ್ ಬಂದು ಸಾಮಾನ್ಯರ ಕೈಗೂ ರಾಡ್ ಕೊಟ್ಟಿತು. 1970ರ ದಶಕದಲ್ಲಿ ಫೆನ್‌ವಿಕ್ ಗ್ರಾಫೈಟ್ ಫ್ಲೈ ರಾಡ್ ಮಾರತೊಡಗಿದ ಮೇಲೆ ಗ್ಲಾಸ್ ಅಟ್ಟ ಸೇರಿತು. ಹಾಗಾಗಿಯೇ ಆ ಕಾಲದ ರಾಡ್‌ಗಳು ಇವತ್ತಿಗೂ ಕಡಿಮೆ ಬೆಲೆಗೆ ಕೈ ಬದಲಾಗುತ್ತಿರುತ್ತವೆ. ನನ್ನದರಲ್ಲಿ ಎರಡು ತುಂಡು ಸೇರುವ ಕಡೆ ಲೋಹದ ಫೆರೂಲ್ ಇದೆ. ಲೋಹ ಬಾಗಲ್ಲ. ಅಲ್ಲಿ ರಾಡಿನ ಬಳುಕು ತಡೆದು ನಿಂತ ಹಾಗೆ ಕೈಗೆ ತಿಳಿಯುತ್ತದೆ. ಹೊಸ ಗ್ಲಾಸ್ ರಾಡಿನಲ್ಲಿ ಗ್ಲಾಸಿನೊಳಗೇ ಗ್ಲಾಸ್ ಕೂರುತ್ತದೆ, ಬಳುಕು ಒಂದೇ ಸಮ. ಎಸೆಯುವ ಸುಖದಲ್ಲಿ ಆರೂವರೆ ಅಡಿಯ ಹೊಸದೇ ಮೇಲು.

ಹಾಗಾದರೆ ದುಬಾರಿ ಎಸ್-ಗ್ಲಾಸ್ ಯಾಕೆ? ಅಗ್ಗದ ರಾಡ್‌ಗಳಲ್ಲಿ ಸಾಮಾನ್ಯವಾಗಿ ಇರೋದು ಇ-ಗ್ಲಾಸ್. ಎಸ್-ಗ್ಲಾಸ್ ಅದಕ್ಕಿಂತ ಸುಮಾರು 20% ಬಿಗಿ, ಬಲವೂ ಜಾಸ್ತಿ. ಹಾಗಾಗಿ ಗೋಡೆ ತೆಳು ಮಾಡಬಹುದು, ತುದಿ ಹಗುರ ಆಗುತ್ತದೆ. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಗೊತ್ತಾಗೋದು ನಿಜ. ಆದರೆ ಹದಿನೈದು ಅಡಿ ದೂರದ ಮೀನಿಗೆ ಆ ವ್ಯತ್ಯಾಸ ಗೊತ್ತಾಗಲ್ಲ. ಎರಡನೇ ರಾಡ್ ಕೊಳ್ಳುವಾಗ ಯೋಚನೆ ಮಾಡಿ, ಮೊದಲನೆಯದಕ್ಕೆ ಬೇಡ.

ಉಳಿದ ದುಡ್ಡನ್ನು ಲೈನಿಗೆ ಹಾಕಿ. ಅಗ್ಗದ ರಾಡ್ ಜೊತೆ ಸೆಟ್ಟಿನಲ್ಲಿ ಬರೋ ಲೈನ್ ತಂತಿಯ ಹಾಗೆ ಸುರುಳಿ ಸುರುಳಿಯಾಗಿಯೇ ಇರುತ್ತದೆ, ಎಳೆದು ನೇರ ಮಾಡಿದರೂ ಮತ್ತೆ ಸುತ್ತಿಕೊಳ್ಳುತ್ತದೆ. ಗ್ಲಾಸಿಗೆ ನನಗೆ ಹಿಡಿಸಿದ್ದು ಡಬಲ್ ಟೇಪರ್, ಅಂದರೆ ಎರಡೂ ತುದಿ ಒಂದೇ ಥರ ಸಣ್ಣಗಾಗುವ ಲೈನ್. ರೋಲ್ ಕಾಸ್ಟಿಗೆ ಚೆನ್ನಾಗಿ ಒಗ್ಗುತ್ತದೆ, ಒಂದು ತುದಿ ಸವೆದರೆ ತಿರುಗಿಸಿ ಹಾಕಬಹುದು. ರಾಡಿನ ಮೇಲೆ 5 ಅಥವಾ 6 ಅಂತ ಇದ್ದರೆ ಮೊದಲು 5 ಹಾಕಿ ನೋಡಿ. ನನ್ನದು 6ಕ್ಕೆ ತೀರಾ ಮೆತ್ತಗಾಯಿತು.

ಹೊಸದು ಕೊಳ್ಳುವುದಾದರೆ ಏಳು, ಏಳೂವರೆ ಅಡಿ ಒಳಗೆ ಇರಲಿ. ಹಿಡಿಯ ಕಾರ್ಕಿನಲ್ಲಿ ತೂತು, ಗೈಡ್ (ಲೈನ್ ಹಾದುಹೋಗುವ ಉಂಗುರ) ಸುತ್ತ ಮೆತ್ತಿದ ಅಂಟಿನ ಉಂಡೆ, ಇವಕ್ಕೆಲ್ಲ ತಲೆ ಕೆಡಿಸಿಕೊಳ್ಳಬೇಡಿ, ಎಸೆತಕ್ಕೆ ಅಡ್ಡಿ ಇಲ್ಲ. ರೀಲ್ ಸೀಟ್ ಅಲುಗಾಡಬಾರದು, ಗೈಡ್‌ಗಳು ಒಂದೇ ಸಾಲಿನಲ್ಲಿರಬೇಕು, ಅಷ್ಟು ನೋಡಿದರೆ ಸಾಕು. ಹಳೆಯದಾದರೆ ಒಂದು ಚೂರು ಹತ್ತಿ ಹಿಡಿದು ಪ್ರತಿ ಗೈಡಿನ ಒಳಗೂ ಆಡಿಸಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಲೈನ್ ಗೀರಿ ತೋಡಾಗಿದೆ ಅಂತ ಅರ್ಥ. ಅದನ್ನು ಬದಲಾಯಿಸಬಹುದು. ಆಮೇಲೆ ಎರಡು ತುಂಡೂ ಸೇರಿಸಿ, ಫೆರೂಲ್ ಪಕ್ಕದಲ್ಲಿ ಬೆಳಕು ಬೀಳುವ ಹಾಗೆ ಹಿಡಿದು ನಿಧಾನ ಬಾಗಿಸಿ. ಅಲ್ಲಿ ಉದ್ದಕ್ಕೆ ಬಿಳಿ ಗೆರೆ ಮೂಡಿದರೆ ಒಳಗೆ ಬಿರುಕು ಬಿಟ್ಟಿರಬಹುದು. ಎಷ್ಟು ಕಡಿಮೆಗೆ ಕೊಟ್ಟರೂ ತಗೋಬೇಡಿ.