ಸ್ಟಾರ್ ಎಣಿಸುವ ಮುನ್ನ ನಿಮಿಷ ಎಣಿಸಿ: 247ಸ್ಪೋರ್ಟ್ಸ್, ಕೆನ್‌ಪಾಮ್, ಬಾರ್ಟ್ ಟೊರ್ವಿಕ್ ವಿಮರ್ಶೆ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಅಭಿಮಾನಿಗಳು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯಲು ಕೂರುತ್ತಾರೆ. ಹೈಸ್ಕೂಲಿನಿಂದ ಬಂದ ಹೊಸ ಹುಡುಗ ಪಂದ್ಯಕ್ಕೆ 15 ಪಾಯಿಂಟ್, ಟ್ರಾನ್ಸ್‌ಫರ್ ಪೋರ್ಟಲ್‌ನಿಂದ (ಕಾಲೇಜು ಬದಲಿಸುವ ಆಟಗಾರರ ಪಟ್ಟಿ) ಬಂದವನು 17, ಹಳೆಯ ಸೆಂಟರ್ (ಬಾಸ್ಕೆಟ್ ಬಳಿ ಆಡುವ ಎತ್ತರದವನು) 16, ಇಬ್ಬರು ಗಾರ್ಡ್‌ಗಳು (ಚೆಂಡು ನಡೆಸುವವರು) 14 ಮತ್ತು 12. ಅಲ್ಲಿಗೇ 74. ಬೆಂಚಿನ ನಾಲ್ವರಿಗೆ 21 ಹಂಚಿದರೆ ಒಟ್ಟು 95. ಆದರೆ ಒಂದು ಒಳ್ಳೆಯ ಕಾಲೇಜು ತಂಡಕ್ಕೆ 40 ನಿಮಿಷದಲ್ಲಿ ಸಿಗುವುದು ಸುಮಾರು 68 ಪೊಸೆಷನ್ (ಚೆಂಡು ಕೈಗೆ ಬಂದು ದಾಳಿ ಮಾಡುವ ಸರದಿ), ಒಂದೊಂದಕ್ಕೆ 1.1 ಪಾಯಿಂಟ್‌ನಂತೆ ಹಿಡಿದರೂ 75 ದಾಟುವುದಿಲ್ಲ. ಉಳಿದ 20 ಪಾಯಿಂಟ್ ಅಭಿಮಾನಿಯ ತಲೆಯೊಳಗೆ ಮಾತ್ರ ಇರುತ್ತದೆ. ಜನವರಿಯಲ್ಲಿ ಕೋಚ್‌ಗೆ ಬೀಳುವ ಬೈಗುಳಕ್ಕೆ ಬಹುಪಾಲು ಕಾರಣ ಈ 20 ಪಾಯಿಂಟೇ.

ಇಂಥ ನಿರೀಕ್ಷೆಯನ್ನು ಊದಿಸುವುದಕ್ಕೂ ಇಳಿಸುವುದಕ್ಕೂ ಅಭಿಮಾನಿಗಳು ಹೆಚ್ಚಾಗಿ ಬಳಸುವ ವೆಬ್‌ಸೈಟ್‌ಗಳು ಮೂರು. ಮೂರೂ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ತೊಂದರೆಯೆಂದರೆ, ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸುವುದು.

ಮೊದಲಿಗೆ 247ಸ್ಪೋರ್ಟ್ಸ್. ಹೈಸ್ಕೂಲ್ ಆಟಗಾರರಿಗೆ ಸ್ಟಾರ್ ಕೊಡುವ ಕಡೆ, ಐದೇ ಗರಿಷ್ಠ. ತನ್ನ ಅಂಕದ ಜೊತೆ ಬೇರೆ ಸಂಸ್ಥೆಗಳ ಅಂಕವನ್ನೂ ಬೆರೆಸಿ ‘ಕಾಂಪೊಸಿಟ್’ ಎಂಬ ಸಂಖ್ಯೆ ತೆಗೆಯುತ್ತದೆ, ಗರಿಷ್ಠ 1.0000. ಪಟ್ಟಿ ನೋಡಲು ದುಡ್ಡು ಬೇಕಿಲ್ಲ, ಒಳಸುದ್ದಿಗೆ ಮಾತ್ರ ಚಂದಾ. ಬಹಳ ಜನ ಗಮನಿಸದ ಸಂಗತಿ ಏನೆಂದರೆ, ಐದು ಸ್ಟಾರ್ ಎಂಬುದು ಬರುವ ಚಳಿಗಾಲದ ಬಗ್ಗೆ ಹೇಳುವ ಮಾತಲ್ಲ. ಎತ್ತರ, ತೋಳಿನ ಉದ್ದ, ಜಿಗಿತ, ವಯಸ್ಸು ನೋಡಿ ಈ ಹುಡುಗ ಮುಂದೆ ಎನ್‌ಬಿಎ (ಅಮೆರಿಕದ ವೃತ್ತಿಪರ ಲೀಗ್) ಮಟ್ಟಕ್ಕೆ ಏರಬಹುದೇ ಎಂದು ಹಾಕುವ ಅಂದಾಜೇ ಅದರಲ್ಲಿ ಹೆಚ್ಚು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ರ‍್ಯಾಂಕ್ ನೋಡಿ ಪಿಯುಸಿಯ ಮೊದಲ ಟೆಸ್ಟಿನ ಅಂಕ ಹೇಳುವವರೂ ಇದೇ ತಪ್ಪು ಮಾಡುತ್ತಾರೆ.

2015ರಲ್ಲಿ ಕೆಂಟಕಿ ವಿಶ್ವವಿದ್ಯಾಲಯಕ್ಕೆ ಸೇರಿದ ಇಬ್ಬರು ಐದು ಸ್ಟಾರ್ ಹುಡುಗರನ್ನೇ ನೋಡಿ. ಸ್ಕಾಲ್ ಲಬಿಸಿಯೇರ್ ಆ ವರ್ಷದ ಪಟ್ಟಿಗಳ ತುತ್ತತುದಿಯಲ್ಲಿದ್ದವರು; ಸರಾಸರಿ ಬಂದದ್ದು 6.6 ಪಾಯಿಂಟ್, 3.1 ರೀಬೌಂಡ್. ಜೊತೆಗಾರ ಜಮಾಲ್ ಮರೇ ಅದೇ ಸೀಸನ್‌ನಲ್ಲಿ 20.0 ಪಾಯಿಂಟ್ ಬಾರಿಸಿದರು. ಎತ್ತರದ, ತೆಳು ಮೈಕಟ್ಟಿನ ಹುಡುಗರು ಮೊದಲ ವರ್ಷ ಎಡವುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಬಾಸ್ಕೆಟ್ ಕೆಳಗೆ 22-23 ವಯಸ್ಸಿನ, ಹತ್ತಿಪ್ಪತ್ತು ಕಿಲೋ ಹೆಚ್ಚು ತೂಕದವರು ಬೆನ್ನಿಗೆ ಆನಿಕೊಂಡು ತಳ್ಳುತ್ತಾರೆ. ತಡೆಯಲು ಕೈ ಹಾಕಿದರೆ ಫೌಲ್. ಎನ್‌ಬಿಎಯಲ್ಲಿ 48 ನಿಮಿಷಕ್ಕೆ ಆರು ಫೌಲ್ ಸಿಗುತ್ತದೆ, ಕಾಲೇಜಿನಲ್ಲಿ 40 ನಿಮಿಷಕ್ಕೆ ಐದೇ. ಮೊದಲ ಎಂಟು ನಿಮಿಷದಲ್ಲಿ ಎರಡು ಬಿದ್ದರೆ ಹೆಚ್ಚಿನ ಕೋಚ್‌ಗಳು ಹಾಫ್ ಮುಗಿಯುವವರೆಗೂ ಬೆಂಚಿನಲ್ಲಿ ಕೂರಿಸುತ್ತಾರೆ. ಸ್ಟಾರ್ ಪಟ್ಟಿಯಲ್ಲಿ ಇದಕ್ಕೆ ಕಾಲಂ ಇಲ್ಲ.

ವಯಸ್ಸನ್ನೂ ನೋಡಿಕೊಳ್ಳಿ. ಒಂದು ವರ್ಷ ಮುಂಚೆಯೇ ಹೈಸ್ಕೂಲ್ ಮುಗಿಸಿ ಬರುವುದು ಈಗ ಮಾಮೂಲು. ಶಾಲೆಯಲ್ಲಿದ್ದಾಗಲೇ ಸ್ಪೋರ್ಟ್ಸ್ ಇಲಸ್ಟ್ರೇಟೆಡ್ ಮುಖಪುಟದಲ್ಲಿ ಬಂದಿದ್ದ ಎಮೊನಿ ಬೇಟ್ಸ್ ಹಾಗೆ ಬಂದು, 17ರ ವಯಸ್ಸಿಗೆ ಮೆಂಫಿಸ್ ಪರ ಆಡಲಿಳಿದರು. ಆ ಸೀಸನ್‌ನ ಸರಾಸರಿ 9.7 ಪಾಯಿಂಟ್. ಹದಿನೇಳರ ಹುಡುಗನಿಗೆ ಕಡಿಮೆಯೇನಲ್ಲ. ಮುಖಪುಟ ನೋಡಿಕೊಂಡು ಬಂದವರಿಗೆ ಮಾತ್ರ ಕಡಿಮೆ ಅನ್ನಿಸಿತು.

ಎರಡನೆಯದು ಕೆನ್‌ಪಾಮ್. ನಡೆಸುವವರು ಕೆನ್ ಪೊಮೆರಾಯ್, ಮೂಲತಃ ಹವಾಮಾನ ತಜ್ಞರು. ಆ ಹಿನ್ನೆಲೆ ಸೈಟಿನಲ್ಲೂ ಕಾಣುತ್ತದೆ: ಇಂಥವರು ಗೆಲ್ಲುತ್ತಾರೆ ಎಂದು ಹೇಳುವುದಿಲ್ಲ, ಗೆಲ್ಲುವ ಸಾಧ್ಯತೆ ಶೇಕಡಾ ಇಷ್ಟು ಎನ್ನುತ್ತದೆ. ಚಂದಾ ವರ್ಷಕ್ಕೆ ಸುಮಾರು 25 ಡಾಲರ್. ಮುಖಪುಟದ ತಂಡಗಳ ರ‍್ಯಾಂಕಿಂಗ್‌ಗೆ ದುಡ್ಡಿಲ್ಲ. ದುಡ್ಡು ಕೊಡಬೇಕಾದದ್ದು ತಂಡದ ಹೆಸರು ಒತ್ತಿದಾಗ ತೆರೆಯುವ ಪುಟಕ್ಕೆ, ಮತ್ತು ಕೊಡುವುದಕ್ಕೆ ತಕ್ಕುದಾಗಿದೆ.

ಆ ಪುಟದಲ್ಲಿ ಆಟಗಾರರನ್ನು ಪಾಯಿಂಟ್ ಪ್ರಕಾರ ಸಾಲು ಹಚ್ಚಿಲ್ಲ, ತಂಡದ ಪೊಸೆಷನ್‌ಗಳಲ್ಲಿ ಎಷ್ಟು ಪಾಲನ್ನು ಮುಗಿಸುತ್ತಾರೆ ಎಂಬುದರ ಪ್ರಕಾರ ಗುಂಪು ಮಾಡಿದೆ. ಶೇ. 28ಕ್ಕಿಂತ ಹೆಚ್ಚಿದ್ದರೆ ‘ಗೋ-ಟು ಗೈ’, 16ರಿಂದ 20ರವರೆಗೆ ‘ರೋಲ್ ಪ್ಲೇಯರ್’, 12ಕ್ಕಿಂತ ಕಡಿಮೆಯಾದರೆ ‘ನಿಯರ್ಲಿ ಇನ್ವಿಸಿಬಲ್’. ಅಂಗಳದಲ್ಲಿರುವ ಐವರ ಪಾಲು ಕೂಡಿದರೆ ಯಾವಾಗಲೂ 100, ಹಾಗಾಗಿ ಸರಾಸರಿ ತಲೆಗೆ 20. ಒಬ್ಬನ ಪಾಲು ಏರಿದರೆ ಇನ್ನೊಬ್ಬನದು ಇಳಿಯಲೇಬೇಕು. ಪೋರ್ಟಲ್ ಹುಡುಗರ ವಿಷಯದಲ್ಲಿ ಅಭಿಮಾನಿಗಳು ಜಾರುವುದು ಇಲ್ಲೇ.

ಸಣ್ಣ ಕಾನ್ಫರೆನ್ಸ್‌ನಲ್ಲಿ (ಕಾಲೇಜುಗಳ ಲೀಗ್) 32 ನಿಮಿಷ ಆಡಿ, ಶೇ. 28 ಪಾಲು ಪಡೆದು, ಪೊಸೆಷನ್‌ಗೆ 1.1 ಪಾಯಿಂಟ್ ಗಳಿಸುತ್ತಿದ್ದವನೊಬ್ಬ ಇದ್ದಾನೆ ಎಂದುಕೊಳ್ಳಿ. 68 ಪೊಸೆಷನ್‌ನಲ್ಲಿ ಅವನು ಅಂಗಳದಲ್ಲಿರುವುದು ಸುಮಾರು 54ಕ್ಕೆ, ಅದರ ಶೇ. 28 ಅಂದರೆ 15. ಪಾಯಿಂಟ್ ಹತ್ತಿರಹತ್ತಿರ 17. ದೊಡ್ಡ ತಂಡಕ್ಕೆ ಬಂದ ಮೇಲೆ 26 ನಿಮಿಷ, ಶೇ. 20 ಪಾಲು. ಈಗ 44 ಪೊಸೆಷನ್, ಅದರಲ್ಲಿ ಅವನ ಕೈಯಲ್ಲಿ ಮುಗಿಯುವುದು 9ಕ್ಕೂ ಕಡಿಮೆ, ಪಾಯಿಂಟ್ 10ರೊಳಗೆ. ಆಟ ಕೂದಲೆಳೆಯಷ್ಟೂ ಕೆಟ್ಟಿಲ್ಲ, ಪಾಯಿಂಟ್ ಮಾತ್ರ 17ರಿಂದ 10ಕ್ಕೆ ಇಳಿದಿದೆ. ಕೆನ್‌ಪಾಮ್‌ನ ಆಫೆನ್ಸಿವ್ ರೇಟಿಂಗ್‌ನಲ್ಲಿ (100 ಪೊಸೆಷನ್‌ಗೆ ಎಷ್ಟು ಪಾಯಿಂಟ್ ಎಂಬ ಲೆಕ್ಕ) ಅಸಿಸ್ಟ್‌ಗೂ (ಬಾಸ್ಕೆಟ್‌ಗೆ ದಾರಿ ಮಾಡಿದ ಪಾಸ್) ಸ್ವಲ್ಪ ಪಾಲು ಸೇರಿರುತ್ತದೆ, ಆದ್ದರಿಂದ ಈ ಗುಣಾಕಾರವನ್ನು ಕಿರಾಣಿ ಬಿಲ್‌ನಂತೆ ಪೈಸೆಪೈಸೆಗೆ ತಾಳೆ ನೋಡಬೇಡಿ. ದಿಕ್ಕು ತಿಳಿದರೆ ಸಾಕು.

ಇದೇ ಲೆಕ್ಕ ಮೇಲ್ಮುಖವಾಗಿಯೂ ನಡೆಯುತ್ತದೆ. ಪರ್ಡ್ಯೂ ವಿಶ್ವವಿದ್ಯಾಲಯದ 7 ಅಡಿ 4 ಇಂಚಿನ ಜ್ಯಾಕ್ ಎಡೀ 2020ರ ಸ್ಟಾರ್ ಪಟ್ಟಿಯಲ್ಲಿ 400ಕ್ಕೂ ಕೆಳಗಿದ್ದರು. 2021-22ರಲ್ಲಿ ಸೆಂಟರ್ ಜಾಗವನ್ನು ಟ್ರೆವಿಯನ್ ವಿಲಿಯಮ್ಸ್ ಜೊತೆ ಹಂಚಿಕೊಂಡು 19 ನಿಮಿಷ ಆಡಿದರು, 14.4 ಪಾಯಿಂಟ್. ವಿಲಿಯಮ್ಸ್ ಹೋದರು, ಮುಂದಿನ ವರ್ಷ 31.7 ನಿಮಿಷ, 22.3 ಪಾಯಿಂಟ್, ರಾಷ್ಟ್ರದ ಅತ್ಯುತ್ತಮ ಆಟಗಾರ ಪ್ರಶಸ್ತಿ. ಆಹಾ, ಒಂದೇ ಬೇಸಿಗೆಯಲ್ಲಿ ಎಂಥ ಬದಲಾವಣೆ ಎಂದರು ಎಲ್ಲರೂ. 40 ನಿಮಿಷಕ್ಕೆ ಪರಿವರ್ತಿಸಿ ನೋಡಿದರೆ ಮೊದಲು 30.3, ಆಮೇಲೆ 28.1. ನಿಮಿಷದ ಲೆಕ್ಕದಲ್ಲಿ ಅವರು ಮೊದಲೇ ಅಂಥ ಆಟಗಾರ. ಅಷ್ಟು ದೊಡ್ಡ ದೇಹ 32 ನಿಮಿಷ ಓಡಬಲ್ಲದೇ, ಫೌಲ್ ಮಾಡದೆ ನಿಲ್ಲಬಲ್ಲದೇ ಎಂಬುದಷ್ಟೇ ಗೊತ್ತಿರಲಿಲ್ಲ. ಆ ಸೀಸನ್ ಶುರುವಾಗುವಾಗ ಪತ್ರಕರ್ತರ ಮತದಿಂದ ಮಾಡುವ ಎಪಿ ಪಟ್ಟಿಯ 25 ತಂಡಗಳಲ್ಲಿ ಪರ್ಡ್ಯೂ ಹೆಸರೇ ಇರಲಿಲ್ಲ. ಡಿಸೆಂಬರ್‌ನಲ್ಲಿ ಮೊದಲ ಸ್ಥಾನ.

ಅದೇ ಪಟ್ಟಿಯ ಮೇಲ್ತುದಿಯಲ್ಲಿದ್ದದ್ದು ನಾರ್ತ್ ಕ್ಯಾರೊಲಿನಾ. 2022ರ ರಾಷ್ಟ್ರೀಯ ಟೂರ್ನಿಯ ಫೈನಲ್‌ನಲ್ಲಿ ಕ್ಯಾನ್ಸಸ್ ಎದುರು 72-69ರಲ್ಲಿ ಸೋತ ತಂಡ. ಐವರು ಆರಂಭಿಕರಲ್ಲಿ ನಾಲ್ವರು ಮರಳಿದ್ದರು. ಐದರಲ್ಲಿ ನಾಲ್ಕು ಉಳಿದರೆ ಇನ್ನೇನು ಬೇಕು? ಹೋದ ಆ ಒಬ್ಬ ಯಾರೆಂದು ಕೇಳಿದವರು ಕಡಿಮೆ. ಬ್ರೇಡಿ ಮಾನೆಕ್: 6 ಅಡಿ 9 ಇಂಚು ಎತ್ತರ, 15.1 ಪಾಯಿಂಟ್, ತ್ರೀ ಪಾಯಿಂಟರ್ (ದೂರದ ಗೆರೆಯಾಚೆಯಿಂದ ಎಸೆವ ಮೂರು ಪಾಯಿಂಟಿನ ಬಾಸ್ಕೆಟ್) ಶೇ. 40.3. ಅಷ್ಟು ಎತ್ತರದವನು ಗೆರೆಯಾಚೆ ನಿಂತರೆ ಅವನನ್ನು ಕಾಯುವ ಎದುರಾಳಿಯೂ ಬಾಸ್ಕೆಟ್ ಬಿಟ್ಟು ಹೊರಗೆ ಬರಬೇಕು. ಒಳಗೆ ಅರ್ಮಾಂಡೊ ಬೇಕಾಟ್‌ಗೆ ಜಾಗ, ಗಾರ್ಡ್‌ಗಳಿಗೆ ನುಗ್ಗಲು ದಾರಿ. ಅವರು ಹೋದ ಮೇಲೆ ಎಲ್ಲರ ಆಟವೂ ಇಕ್ಕಟ್ಟಾಯಿತು. ಕೇಲೆಬ್ ಲವ್ ಆ ವರ್ಷ ತ್ರೀ ಪಾಯಿಂಟರ್‌ನಲ್ಲಿ ಶೇ. 29.9. ತಂಡ 20 ಗೆಲುವು, 13 ಸೋಲಿನಲ್ಲಿ ಮುಗಿಸಿತು. ಟೂರ್ನಿಯನ್ನು 64 ತಂಡಕ್ಕೆ ವಿಸ್ತರಿಸಿದ 1985ರ ನಂತರ, ಸೀಸನ್ ಪೂರ್ವದ ನಂಬರ್ ಒನ್ ತಂಡವೊಂದು ಟೂರ್ನಿಗೇ ಆಯ್ಕೆಯಾಗದೆ ಹೋದದ್ದು ಅದೇ ಮೊದಲು. ಕೆನ್‌ಪಾಮ್‌ನಲ್ಲಿ ‘ಮಿನಿಟ್ಸ್ ಕಂಟಿನ್ಯುಯಿಟಿ’ ಎಂಬ ಕಾಲಂ ಇದೆ, ಹಿಂದಿನ ವರ್ಷದ ಎಷ್ಟು ನಿಮಿಷ ಉಳಿದಿದೆ ಎಂದು ತೋರಿಸುತ್ತದೆ. ಎಷ್ಟು ಎಂದು ತೋರಿಸುತ್ತದೆ, ಯಾವುದು ಎಂದಲ್ಲ.

ಕೆನ್‌ಪಾಮ್‌ನ ದೊಡ್ಡ ಕೊರತೆ ಡಿಫೆನ್ಸ್. ಆಟಗಾರನ ಸಾಲಿನಲ್ಲಿ ಬ್ಲಾಕ್ (ಎಸೆತ ತಡೆಯುವುದು), ಸ್ಟೀಲ್‌ಗಳ (ಚೆಂಡು ಕಸಿಯುವುದು) ಶೇಕಡಾ ಮಾತ್ರ ಸಿಗುತ್ತದೆ. ಎದುರಾಳಿಯ ಬೆನ್ನು ಬಿಡದೆ ಅವನಿಗೆ ಚೆಂಡೇ ಸಿಗದಂತೆ ಮಾಡುವವನು ಅಲ್ಲಿ ‘ನಿಯರ್ಲಿ ಇನ್ವಿಸಿಬಲ್’ ಆಗಿಯೇ ಉಳಿಯುತ್ತಾನೆ. ‘ಇವನನ್ನು ಯಾಕೆ 30 ನಿಮಿಷ ಆಡಿಸುತ್ತಾರೋ’ ಎಂಬ ಪ್ರಶ್ನೆಗೆ ಉತ್ತರ ಆ ಪುಟದಲ್ಲಿ ಇಲ್ಲ, ಪಂದ್ಯ ನೋಡಬೇಕು.

ಮೂರನೆಯದು ಬಾರ್ಟ್ ಟೊರ್ವಿಕ್. ಪೂರ್ತಿ ಉಚಿತ. ನೋಡಲು ಎಕ್ಸೆಲ್ ಶೀಟನ್ನು ಹಾಗೇ ತಂದು ಅಂಟಿಸಿದಂತಿದೆ, ಮೊಬೈಲಿನಲ್ಲಿ ಕಣ್ಣಿಗೆ ಶಿಕ್ಷೆ, ಲ್ಯಾಪ್‌ಟಾಪ್ ತೆಗೆಯಿರಿ. ಇದರ ಬಲ ಇರುವುದು ಫಿಲ್ಟರ್‌ಗಳಲ್ಲಿ. ಹೊಸ ಟ್ರಾನ್ಸ್‌ಫರ್ ಬಂದನೆಂದು ಸುದ್ದಿಯಾದ ಕೂಡಲೇ ಆಟಗಾರರ ಟೇಬಲ್ ತೆರೆದು, ಬಲಿಷ್ಠ ಎದುರಾಳಿಗಳ ವಿರುದ್ಧದ ಪಂದ್ಯಗಳನ್ನಷ್ಟೇ ಉಳಿಸಿಕೊಳ್ಳಿ. ಎಫೆಕ್ಟಿವ್ ಶೂಟಿಂಗ್ ಎಷ್ಟು ಬಿತ್ತು, ಟರ್ನೋವರ್ (ಎಸೆಯದೆಯೇ ಚೆಂಡು ಕಳೆದುಕೊಳ್ಳುವುದು) ಎಷ್ಟು ಏರಿತು ನೋಡಿ. ಎಫೆಕ್ಟಿವ್ ಶೂಟಿಂಗ್ ಅಂದರೆ, ಬಿದ್ದ ಒಟ್ಟು ಬಾಸ್ಕೆಟ್‌ಗಳಿಗೆ ತ್ರೀ ಪಾಯಿಂಟರ್‌ಗಳ ಅರ್ಧ ಸೇರಿಸಿ, ಒಟ್ಟು ಎಸೆತಗಳಿಂದ ಭಾಗಿಸಿದ್ದು. ಇಂಥ ಪಂದ್ಯ ನಾಲ್ಕೈದೇ ಇದ್ದರೆ ಅದನ್ನೂ ಹೆಚ್ಚು ನಂಬಬೇಡಿ.

ಅತಿ ಹೆಚ್ಚು ಮೋಸ ಹೋಗುವುದು ತ್ರೀ ಪಾಯಿಂಟರ್ ಶೇಕಡಾದಲ್ಲಿ. ಹತ್ತು ಪಂದ್ಯ, 40 ಎಸೆತ: 16 ಬಿದ್ದರೆ ಶೇ. 40, ಶಾರ್ಪ್‌ಶೂಟರ್ ಎಂಬ ಬಿರುದು. 12 ಬಿದ್ದರೆ ಶೇ. 30, ಬೆಂಚಿಗೆ ಕಳಿಸಿ ಎಂಬ ಕೂಗು. ನಡುವಿನ ವ್ಯತ್ಯಾಸ ನಾಲ್ಕೇ ಎಸೆತ, ರಿಂಗ್ ಸುತ್ತಿ ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬಷ್ಟು. ನಿಜವಾಗಿ ಶೇ. 35ರ ಶೂಟರ್ ಕೂಡ 40 ಎಸೆತದಲ್ಲಿ ಈ ಎರಡೂ ತುದಿಗಳನ್ನು ಸುಲಭವಾಗಿ ಮುಟ್ಟುತ್ತಾನೆ. ಡಿಸೆಂಬರ್‌ನಲ್ಲಿ ತೀರ್ಪು ಕೊಡಲೇಬೇಕೆಂಬ ತುರಿಕೆ ಇದ್ದರೆ ಫ್ರೀ ಥ್ರೋ ನೋಡಿ. ಕೈ ಚಳಕ ಅಲ್ಲಿ ಬೇಗ ಗೊತ್ತಾಗುತ್ತದೆ, ಎದುರಾಳಿ ಅಡ್ಡ ಬರುವುದಿಲ್ಲ. ಹಿಂದಿನ ವರ್ಷದ ಫ್ರೀ ಥ್ರೋ ಶೇ. 85 ಇದ್ದವನ ತ್ರೀ ಪಾಯಿಂಟರ್ ಈಗ 30ಕ್ಕೆ ಬಿದ್ದಿದ್ದರೆ ಕಾಯಿರಿ. ಫ್ರೀ ಥ್ರೋ 60, ತ್ರೀ ಪಾಯಿಂಟರ್ 42 ಎಂದಿದ್ದರೆ ಹಿಗ್ಗಬೇಡಿ.

ಮೂರನ್ನೂ ಬಳಸುವ ಕ್ರಮ ಹೀಗಿರಲಿ. ಒಂದು ಹಾಳೆ ತೆಗೆದುಕೊಂಡು 200 ನಿಮಿಷ ಹಂಚಿ, 40 ನಿಮಿಷಕ್ಕೆ ಐದು ಜಾಗ. ಫ್ರೆಶ್‌ಮನ್ (ಮೊದಲ ವರ್ಷದ) ಸೆಂಟರ್‌ಗೆ, ಅವನು ಎಷ್ಟೇ ಸ್ಟಾರ್ ಆಗಿರಲಿ, 22ಕ್ಕಿಂತ ಹೆಚ್ಚು ಬರೆಯಬೇಡಿ. ಗಾಯದಿಂದ ಮರಳಿದವನಿಗೆ ಮೊದಲ ತಿಂಗಳು 15 ಸಾಕು. ಎಂಟನೆಯ, ಒಂಬತ್ತನೆಯ ಹುಡುಗರಿಗೆ ಇಬ್ಬರಿಗೂ ಸೇರಿ 15-20 ಬಿಡಲೇಬೇಕು. ನಂತರ ಹೆಸರಿನ ಮುಂದೆ ಪೊಸೆಷನ್ ಪಾಲು ಬರೆಯಿರಿ. ನಿಮಿಷಕ್ಕೆ ತಕ್ಕಂತೆ ತೂಗಿದ ಸರಾಸರಿ 20 ದಾಟಿದರೆ ಎಲ್ಲೋ ಆಸೆ ಜಾಸ್ತಿಯಾಗಿದೆ, ಅಳಿಸಿ. ಟೊರ್ವಿಕ್‌ನ ‘ರೋಸ್ಟರ್‌ಕಾಸ್ಟ್’ನಲ್ಲಿ ಆಟಗಾರರನ್ನು ಸೇರಿಸಿ, ತೆಗೆದು ತಂಡದ ಅಂದಾಜು ಹೇಗೆ ಅಲುಗುತ್ತದೆ ಎಂದು ನೋಡಬಹುದು. ಸಾಮಾನ್ಯವಾಗಿ ನೀವು ಅಂದುಕೊಂಡದ್ದಕ್ಕಿಂತ ಕಡಿಮೆ ಅಲುಗುತ್ತದೆ.

ದುಡ್ಡು ಖರ್ಚು ಮಾಡಬೇಕೇ? ಒಂದೇ ತಂಡವನ್ನು ನೋಡುವವರಿಗೆ ಟೊರ್ವಿಕ್ ಸಾಕು. ಎದುರಾಳಿಗಳ ಪುಟವನ್ನೂ ಪ್ರತಿ ವಾರ ತೆರೆಯುವವರು ಕೆನ್‌ಪಾಮ್ ಚಂದಾ ಕಟ್ಟಿ, ಬೇಜಾರಾಗದು. 247ಸ್ಪೋರ್ಟ್ಸ್‌ನ ಉಚಿತ ಪಟ್ಟಿಯಿಂದ ಮುಂದಕ್ಕೆ ಹೋಗಬೇಡಿ. ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಕೂತು, ಅಮೆರಿಕದಲ್ಲಿ ತಾವು ಓದಿದ ಕಾಲೇಜಿನ ತಂಡವನ್ನು ಹಿಂಬಾಲಿಸುವವರಿಗೆ ಒಂದು ಮಾತು: ಅಮೆರಿಕದ ಪೂರ್ವ ತೀರದ ಸಂಜೆ 7ರ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ 5:30ಕ್ಕೆ. ಮಾರ್ಚ್ ಎರಡನೇ ಭಾನುವಾರ ಅವರ ಗಡಿಯಾರ ಮುಂದೆ ಹೋಗುತ್ತದೆ, ಆಮೇಲೆ 4:30. ಅಲಾರಂ ಬದಲಿಸಲು ಮರೆತರೆ ಮೊದಲ ಹಾಫ್ ತಪ್ಪಿಹೋಗುತ್ತದೆ.